ಹೀಲಿಯಸನ ರಥ, ಹೀಲಿಯಮಿನ ಗೆರೆ: ಗ್ರೀಕ್ ಪುರಾಣಕ್ಕೊಂದು ಪ್ರವೇಶ

ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ, ಕೃಷ್ಣಾ ನದಿಗೆ ಅನತಿದೂರದಲ್ಲಿ, ಕೊಡೇಕಲ್ ಎಂಬ ಊರಿದೆ. ಕೊಡೇಕಲ್ ಬಸವಣ್ಣನವರ ಕಾಲಜ್ಞಾನ ವಚನಗಳಿಂದ ಆ ಊರಿನ ಹೆಸರು ಕನ್ನಡಿಗರಿಗೆ ಪರಿಚಿತವಾಗಿರುವುದು. ಆದರೆ ಪುರಾತತ್ತ್ವಜ್ಞರು ಅದನ್ನು ಬಲ್ಲುದು ಇನ್ನೊಂದು ಕಾರಣದಿಂದ. ಅಲ್ಲಿಯ ಬೂದಿದಿಬ್ಬವೊಂದನ್ನು ಕೆ. ಪದ್ದಯ್ಯನವರು ೧೯೬೦ರ ದಶಕದಲ್ಲಿ ಅಗೆದು ಪರೀಕ್ಷಿಸಿದರು. ಬಳ್ಳಾರಿ, ರಾಯಚೂರು, ಯಾದಗಿರಿ ಪ್ರಾಂತಗಳಲ್ಲಿ ಇಂಥ ದಿಬ್ಬಗಳು ಹಲವು ಕಂಡುಬಂದಿವೆ. ಕೆಲವೆಡೆ ಬೂದಿಯು ಕಾವಿಗೆ ಕರಗಿ, ಮತ್ತೆ ಗಾಜಿನಂತೆ ಗಟ್ಟಿಯಾಗಿದೆ. ಬಯಲಿನ ನಡುವೆ ಇಷ್ಟೊಂದು ಬೂದಿ ಎಲ್ಲಿಂದ ಬಂದಿತು? ನೋಡಿದವರ ಮನಸ್ಸಿನಲ್ಲಿ ಈ ಪ್ರಶ್ನೆ ಏಳದಿರುವುದು ಅಸಾಧ್ಯ.

ಹಂಪೆಯ ಬಳಿಯ ನಿಂಬಾಪುರದಲ್ಲಿಯೂ ಅಂಥದೊಂದು ದಿಬ್ಬವುಂಟು. ಅದು ರಾಮನ ಬಾಣಕ್ಕೆ ಬಿದ್ದ ವಾಲಿಯ ಚಿತಾಭಸ್ಮವೆಂದು ಜನರು ಹೇಳುತ್ತಾರೆ. ಇದು ಒಂದು ಉತ್ತರ. ಇನ್ನೊಂದು ಉತ್ತರವು ಅಗೆತದಿಂದ ದೊರೆಯಿತು. ಇಂದಿನ ತೆಲಂಗಾಣಕ್ಕೆ ಸೇರಿದ ಉಟ್ನೂರಿನ ಬೂದಿದಿಬ್ಬವನ್ನು ೧೯೫೭ರಲ್ಲಿ ಎಫ್. ಆರ್. ಆಲ್ಚಿನ್ ಎಂಬ ವಿದ್ವಾಂಸರು ಅಗೆಯಿಸಿದಾಗ, ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತುಗಳು ಕಾಣಿಸಿದವು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ, ನವಶಿಲಾಯುಗದ ಪಶುಪಾಲಕರು ದನದ ದೊಡ್ಡಿಗಳಲ್ಲಿ ಒಟ್ಟಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟುದರ ಫಲವೇ ಈ ದಿಬ್ಬಗಳೆಂದು ಈಗ ತಿಳಿದಿದೆ.

ಎರಡು ಉತ್ತರಗಳೂ ಒಂದೇ ಪ್ರಶ್ನೆಗೆ ಹುಟ್ಟಿದವು ಎಂಬುದನ್ನು ವಾಚಕರು ಗಮನಿಸಬೇಕು. ಪುರಾಣವೆಂದರೆ ಕೇವಲ ಹುಸಿಮಾತೆಂದು ತಳ್ಳಿಹಾಕುವವರು ಆ ಪ್ರಶ್ನೆಯನ್ನು ಮರೆಯುತ್ತಾರೆ. ಪುರಾಣದಲ್ಲಿಯೇ ವಿಜ್ಞಾನವೆಲ್ಲ ಅಡಗಿದೆಯೆನ್ನುವವರು ಗೊರಸಿನ ಗುರುತನ್ನು ಮರೆಯುತ್ತಾರೆ. ಈ ಎರಡು ತಪ್ಪುಗಳಿಂದಲೂ ದೂರನಿಂತು, ಭೌತಶಾಸ್ತ್ರ, ರಸಾಯನಶಾಸ್ತ್ರ, ಖಗೋಳಶಾಸ್ತ್ರಗಳ ಪಠ್ಯಪುಸ್ತಕಗಳಲ್ಲಿ ಹೆಜ್ಜೆಹೆಜ್ಜೆಗೂ ಹೆಸರಾಗಿ ಎದುರಾಗುವ ಗ್ರೀಕ್ ದೇವತೆಗಳ ಪರಿಚಯವನ್ನು ಮಾಡಿಕೊಳ್ಳೋಣ.

ದೇವತೆಗಳ ವಂಶಾವಳಿ

ಗ್ರೀಕ್ ಪುರಾಣಕ್ಕೆ ನಮ್ಮ ವೇದದಂತೆ ಒಂದು ಪ್ರಮಾಣಗ್ರಂಥವಿಲ್ಲ. ಹೋಮರನ ಹೆಸರಿನಲ್ಲಿ ಬಂದಿರುವ ಇಲಿಯಡ್, ಒಡಿಸ್ಸಿ ಎಂಬ ಮಹಾಕಾವ್ಯಗಳೂ, ಕ್ರಿ. ಪೂ. ೭೦೦ರ ಸುಮಾರಿನ ಕವಿಯಾದ ಹೆಸಿಯಡನ ಕೃತಿಗಳೂ ಅದರ ಮುಖ್ಯ ಆಕರಗಳು. ಊರೂರಿಗೆ ಕಥೆ ಬೇರೆಯಾಗುತ್ತಿತ್ತು. ಒಂದೇ ದೇವತೆಗೆ ಎರಡು ಮೂರು ಜನ್ಮವೃತ್ತಾಂತಗಳಿರುವುದೂ ಉಂಟು. ದೇವರು ಜಗತ್ತನ್ನು ಸೃಷ್ಟಿಸಿದನೆಂದು ಹೆಸಿಯಡನು ಹೇಳುವುದಿಲ್ಲ. ಅವನ ಪ್ರಕಾರ ಜಗತ್ತಿನೊಳಗೇ ದೇವತೆಗಳು ಹುಟ್ಟಿದರು.

ಮೊದಲು ಇದ್ದುದು ಕೇಯಾಸ್, ಎಂದರೆ ಬರಿಯ ಬಾಯ್ದೆರೆದ ಶೂನ್ಯ. ಅನಂತರ ಗೈಯಾ, ಅಂದರೆ ಭೂಮಿ, ಉದಿಸಿದಳು. ಅವಳಿಂದ ಯುರೇನಸ್, ಎಂದರೆ ಆಕಾಶ, ಹುಟ್ಟಿದನು. ಭೂಮ್ಯಾಕಾಶಗಳ ಮಕ್ಕಳೇ ಟೈಟನರೆಂಬ ಮಹಾಕಾಯರು. ಅವರಲ್ಲಿ ಕಿರಿಯನಾದ ಕ್ರೋನಸನು ತಂದೆಯನ್ನು ಕುಡುಗೋಲಿನಿಂದ ಅಂಗಹೀನನನ್ನಾಗಿ ಮಾಡಿ ಅಧಿಕಾರವನ್ನು ಕಸಿದುಕೊಂಡನು. ತನ್ನ ಮಕ್ಕಳಿಂದ ತನಗೂ ಇದೇ ಗತಿಯೆಂದು ತಿಳಿದು, ಹುಟ್ಟಿದ ಶಿಶುಗಳನ್ನೆಲ್ಲ ನುಂಗತೊಡಗಿದನು. ತಾಯಿಯಾದ ರೀಯಾ ಕೊನೆಯ ಮಗುವನ್ನು ಕ್ರೀಟ್ ದ್ವೀಪದಲ್ಲಿ ಬಚ್ಚಿಟ್ಟು, ಬಟ್ಟೆಯಲ್ಲಿ ಸುತ್ತಿದ ಕಲ್ಲನ್ನು ಗಂಡನಿಗೆ ಕೊಟ್ಟಳು. ಅವನು ಅದನ್ನೇ ನುಂಗಿದನು. ಬದುಕಿ ಉಳಿದ ಆ ಮಗುವೇ ಜ್ಯೂಸ್. ಕಂಸನಿಂದ ಕೃಷ್ಣನನ್ನು ಮರೆಮಾಡಿದ ಕಥೆ ನಮ್ಮ ಓದುಗರಿಗೆ ಇಲ್ಲಿ ನೆನಪಾಗದೆ ಇರದು.

ಜ್ಯೂಸನು ಬೆಳೆದು, ನುಂಗಿದ್ದ ಒಡಹುಟ್ಟಿದವರನ್ನೆಲ್ಲ ತಂದೆಯು ಕಕ್ಕುವಂತೆ ಮಾಡಿ, ಹತ್ತು ವರ್ಷ ಟೈಟನರೊಡನೆ ಕಾದಿ ಗೆದ್ದನು. ಬಳಿಕ ಮೂವರು ಸೋದರರು ಚೀಟಿ ಹಾಕಿ ಲೋಕವನ್ನು ಹಂಚಿಕೊಂಡರು. ಜ್ಯೂಸನಿಗೆ ಆಕಾಶ, ಪೊಸೈಡನನಿಗೆ ಸಮುದ್ರ, ಹೇಡೀಸನಿಗೆ ಪಾತಾಳ ಬಂದಿತು. ಭೂಮಿಯೂ ಒಲಿಂಪಸ್ ಪರ್ವತವೂ ಮೂವರಿಗೂ ಸಮಾನ.

ಒಲಿಂಪಸ್ಸಿನ ನಿವಾಸಿಗಳು

ಒಲಿಂಪಸ್ ಪರ್ವತವು ಕಲ್ಪನೆಯದಲ್ಲ. ಗ್ರೀಸಿನ ಉತ್ತರಭಾಗದಲ್ಲಿ ಸುಮಾರು ೨,೯೦೦ ಮೀಟರು ಎತ್ತರಕ್ಕೆ ನಿಂತಿದೆ. ಅಲ್ಲಿ ಹನ್ನೆರಡು ಮಂದಿ ಪ್ರಧಾನ ದೇವತೆಗಳಿರುವರೆಂದು ಗ್ರೀಕರ ನಂಬಿಕೆ. ಸಿಡಿಲನ್ನು ಆಯುಧವಾಗಿ ಧರಿಸಿದ ಜ್ಯೂಸ್ ಅವರ ಅರಸು. ವಿವಾಹದ ಅಧಿದೇವತೆಯಾದ ಹೀರಾ ಅವನ ರಾಣಿ. ಪೊಸೈಡನನು ತ್ರಿಶೂಲಧಾರಿ, ಭೂಕಂಪವನ್ನು ಎಬ್ಬಿಸುವವನು. ಡಿಮೀಟರ್ ಪೈರುಗಳ ತಾಯಿ. ಅಥೀನಾ ಜ್ಞಾನಕ್ಕೂ ನೇಯ್ಗೆಗೂ ಯುದ್ಧತಂತ್ರಕ್ಕೂ ಒಡತಿ. ಜ್ಯೂಸನ ತಲೆಯೊಡೆದು ಕವಚಧಾರಿಣಿಯಾಗಿಯೇ ಹೊರಬಂದವಳು. ಅಪಾಲೊ ಸಂಗೀತ, ವೈದ್ಯ, ಭವಿಷ್ಯವಾಣಿಗಳ ದೇವತೆ. ಅವನ ಅವಳಿ ಸೋದರಿ ಆರ್ಟೆಮಿಸ್ ಬೇಟೆಯ ದೇವಿ. ಏರೀಸ್ ರಣೋನ್ಮಾದದವನು, ಅಫ್ರೊಡೈಟಿ ಪ್ರೇಮದವಳು, ಹಿಫೀಸ್ಟಸ್ ಕುಂಟನಾದ ಕಮ್ಮಾರ, ಹರ್ಮೀಸ್ ರೆಕ್ಕೆಯ ಪಾದರಕ್ಷೆ ತೊಟ್ಟ ದೂತ. ಹನ್ನೆರಡನೆಯ ಸ್ಥಾನವನ್ನು ಒಲೆಯ ದೇವಿಯಾದ ಹೆಸ್ಟಿಯಳಿಗೆ ಕೆಲವರೂ, ದ್ರಾಕ್ಷಾರಸದ ದೇವನಾದ ಡಯೊನೈಸಸನಿಗೆ ಕೆಲವರೂ ಕೊಡುತ್ತಾರೆ.

ಈ ದೇವತೆಗಳಿಗೆ ಸಾವಿಲ್ಲ; ಆದರೆ ಸಿಟ್ಟು, ಮತ್ಸರ, ಪಕ್ಷಪಾತಗಳೆಲ್ಲ ಇವೆ. ಆಂಬ್ರೋಸಿಯ ಅವರ ಆಹಾರ, ನೆಕ್ಟರ್ ಪಾನೀಯ. ವಿಧಿಯ ಮುಂದೆ ದೇವತೆಗಳ ಬಲವೂ ಸಾಗುವುದಿಲ್ಲವೆಂಬ ಭಾವನೆ ಗ್ರೀಕ್ ಕಾವ್ಯಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಈ ವಿಧಿಯ ಕಲ್ಪನೆಯಿಂದಲೇ ಗ್ರೀಕರ ರುದ್ರನಾಟಕಗಳು ಬಲಗೊಂಡವು. ಸೊಫೋಕ್ಲೀಸನ ‘ಏಜಾಕ್ಸ್’ ನಾಟಕವನ್ನು ಆಧರಿಸಿ ಬಿ. ಎಂ. ಶ್ರೀಕಂಠಯ್ಯನವರು ‘ಅಶ್ವತ್ಥಾಮನ್’ ರಚಿಸಿದಾಗ ಕನ್ನಡಿಗರಿಗೆ ಆ ಗಾಂಭೀರ್ಯದ ರುಚಿ ದೊರೆಯಿತು.

ಕಥೆಯ ಎಲ್ಲೆ

ಗ್ರೀಕ್ ಕಥೆಗಳಲ್ಲಿ ಅನೇಕವು ಪ್ರಕೃತಿಯ ವ್ಯಾಪಾರಗಳಿಗೆ ಕೊಟ್ಟ ಕಾರಣಗಳು. ಸಿಸಿಲಿಯ ಎಟ್ನಾ ಪರ್ವತವು ಬೆಂಕಿಯುಗುಳುವುದೇಕೆ? ಜ್ಯೂಸನು ಟೈಫನ್ ಎಂಬ ದೈತ್ಯನನ್ನು ಅದರಡಿಯಲ್ಲಿ ಹೂತಿರುವನು. ವರ್ಷಕ್ಕೊಮ್ಮೆ ನೆಲ ಬಂಜೆಯಾಗುವುದೇಕೆ? ಡಿಮೀಟರಳ ಮಗಳಾದ ಪರ್ಸೆಫೊನಿಯನ್ನು ಹೇಡೀಸನು ಪಾತಾಳಕ್ಕೆ ಕದ್ದೊಯ್ದನು. ಅಲ್ಲಿ ಅವಳು ದಾಳಿಂಬೆಯ ಕಾಳು ತಿಂದುದರಿಂದ ಪ್ರತಿವರ್ಷ ಮೂರನೆಯ ಒಂದು ಪಾಲು ಕಾಲ ಅಲ್ಲಿಯೇ ಇರಬೇಕಾಯಿತು. ಮಗಳನ್ನು ಅಗಲಿದ ತಾಯಿಯ ದುಃಖದಲ್ಲಿ ಪೈರು ಮೊಳೆಯದು. ಮಗಳು ಮರಳಿ ಬರುವಾಗ ವಸಂತವೂ ಬರುತ್ತದೆ.

ಕಥೆ ಮನೋಹರವಾಗಿದೆ. ಆದರೆ ಅದನ್ನು ಕೊಡೇಕಲ್ಲಿನ ಹೊಲದಲ್ಲಿ ನಿಂತು ಓದಿದರೆ ಒಂದು ತೊಡಕು ಕಾಣುವುದು. ಚಳಿಗಾಲದಲ್ಲಿ ಸುರಪುರ ಸೀಮೆಯ ಕರಿನೆಲದಲ್ಲಿ ಹಿಂಗಾರಿನ ಬಿಳಿಜೋಳ ತೆನೆಹೊತ್ತು ನಿಲ್ಲುತ್ತದೆ. ನೆಲ ಬೋಳಾಗುವುದು ಬೇಸಗೆಯಲ್ಲಿ. ಗ್ರೀಸಿನಲ್ಲಿ ಅಳುತ್ತಿರುವ ತಾಯಿ ಇಲ್ಲಿ ಅದೇ ದಿನ ನಗುವುದೆಂತು? ಭೂಮಿಯ ಅಕ್ಷವು ಸುಮಾರು ೨೩.೫ ಡಿಗ್ರಿ ವಾಲಿದೆಯೆಂಬ ವಿವರಣೆಗೆ ಈ ತೊಡಕಿಲ್ಲ. ಅದರಿಂದ ಎರಡೂ ನಾಡುಗಳ ಋತುಗಳನ್ನು ಲೆಕ್ಕಹಾಕಬಹುದು; ಸಮುದ್ರ, ಗಾಳಿ, ಮಳೆಗಳ ನಿಯಮಗಳನ್ನು ಕೂಡಿಸಿಕೊಂಡರೆ ಎರಡೂ ನಾಡುಗಳ ಬೆಳೆಯ ಕಾಲಭೇದವನ್ನೂ ತಿಳಿಯಬಹುದು. ಕಥೆಯು ಹುಟ್ಟಿದ ಊರಿಗೆ ಒಪ್ಪಿದರೆ ಸಾಕು. ನಿಯಮವು ಎಲ್ಲ ಊರಿಗೂ ಒಪ್ಪಬೇಕು.

ಆಕಾಶದಲ್ಲಿ ಬರೆದ ಕಥೆಗಳು

ಹಾಗೆಂದು ಕಥೆಗಳಲ್ಲಿ ವೀಕ್ಷಣೆಯೇ ಇಲ್ಲವೆನ್ನಲಾಗದು. ಜನವರಿಯ ಸಂಜೆ ಆಕಾಶದಲ್ಲಿ ಎತ್ತರಕ್ಕೆ ಕಾಣುವ ಮಹಾವ್ಯಾಧನನ್ನು ಗ್ರೀಕರು ಓರಿಯನ್ ಎಂಬ ಬೇಟೆಗಾರನೆಂದರು. ಭೂಮಿಯ ಮೃಗಗಳನ್ನೆಲ್ಲ ಕೊಲ್ಲುವೆನೆಂದು ಜಂಬ ಕೊಚ್ಚಿದ ಅವನನ್ನು ಕೊಲ್ಲಲು ಗೈಯಾದೇವಿಯು ಚೇಳನ್ನು ಕಳುಹಿಸಿದಳಂತೆ. ಇಬ್ಬರನ್ನೂ ಆಕಾಶಕ್ಕೇರಿಸಿದಾಗ ಒಬ್ಬರಿಗೊಬ್ಬರು ಎದುರಾಗದಂತೆ ಇರಿಸಲಾಯಿತು. ವೃಶ್ಚಿಕವು ಪೂರ್ವದಲ್ಲಿ ಮೂಡುವಾಗ ಓರಿಯನ್ ಪಶ್ಚಿಮದಲ್ಲಿ ಇಳಿದುಹೋಗುವನು. ಇದನ್ನು ನಮ್ಮ ವಿದ್ಯಾರ್ಥಿಗಳು ಮನೆಯ ಮಾಳಿಗೆಯ ಮೇಲೆ ನಿಂತು ತಾವೇ ಪರೀಕ್ಷಿಸಬಹುದು. ಆಕಾಶಗೋಲದಲ್ಲಿ ಆ ಎರಡು ನಕ್ಷತ್ರಪುಂಜಗಳೂ ಹೆಚ್ಚುಕಡಿಮೆ ಪರಸ್ಪರ ಅಭಿಮುಖವಾಗಿವೆಯೆಂಬ ನಿಜವಾದ ಸಂಗತಿ ಕಥೆಯ ಒಳಗಿದೆ.

ಅದೇ ಓರಿಯನ್ನಿನ ತಲೆಯ ಭಾಗವೇ ನಮ್ಮ ಮೃಗಶಿರಾ ನಕ್ಷತ್ರ. ಜೂನ್ ೭–೮ರ ಸುಮಾರಿಗೆ ಸೂರ್ಯನು ಅದನ್ನು ಪ್ರವೇಶಿಸಿದಾಗ ನಮ್ಮ ರೈತರು ಮಿರಗದ ಮಳೆಯನ್ನು ಎದುರುನೋಡುತ್ತಾರೆ. ಅದಕ್ಕೆ ಮುಂಚೆ ರೋಹಿಣಿ, ಬಳಿಕ ಆರಿದ್ರ. ಹೆಸಿಯಡನೂ ತನ್ನ ನಾಡಿನ ಒಕ್ಕಲಿಗರಿಗೆ ಇಂಥದೇ ಪಂಚಾಂಗವನ್ನು ಹೇಳಿಕೊಟ್ಟನು. ಕೃತ್ತಿಕೆಯ ಚಿಕ್ಕೆಗಳು ಮುಂಜಾನೆ ಮೂಡತೊಡಗಿದಾಗ ಕೊಯ್ಲು, ಮುಂಜಾನೆ ಮುಳುಗತೊಡಗಿದಾಗ ಉಳುಮೆ. ನಮಗೆ ಕೃತ್ತಿಕೆಯರು ಕಾರ್ತಿಕೇಯನನ್ನು ಸಾಕಿದ ಆರು ತಾಯಂದಿರು. ಗ್ರೀಕರಿಗೆ ಅಟ್ಲಾಸನ ಏಳು ಹೆಣ್ಣುಮಕ್ಕಳು. ಕಥೆ ಬೇರೆ, ನೋಡಿದ ಚಿಕ್ಕೆಗಳು ಒಂದೇ.

ಗ್ರಹಗಳ ವಿಷಯವೂ ಹೀಗೆಯೇ. ಕೆಂಪಗಿರುವ ಗ್ರಹವನ್ನು ಅವರು ರಣದೇವನಾದ ಏರೀಸನಿಗೆ ಕೊಟ್ಟರು; ನಾವು ಅಂಗಾರಕನೆಂದೆವು. ಸೂರ್ಯನನ್ನು ೮೮ ದಿನಗಳಲ್ಲಿ ಸುತ್ತಿಬರುವ ಬುಧನು ಅವರಿಗೆ ರೆಕ್ಕೆಗಾಲಿನ ಹರ್ಮೀಸ್. ಒಂದು ಸುತ್ತಿಗೆ ಇಪ್ಪತ್ತೊಂಬತ್ತೂವರೆ ವರ್ಷ ಹಿಡಿಯುವ ಗ್ರಹವು ಅವರಿಗೆ ಮುದಿತಂದೆ ಕ್ರೋನಸ್. ನಮಗೆ ಶನೈಶ್ಚರ, ಎಂದರೆ ಮೆಲ್ಲನೆ ನಡೆಯುವವನು. ಈ ದೇವತೆಗಳನ್ನು ರೋಮನರು ತಮ್ಮ ದೇವತೆಗಳೊಡನೆ ಸಮೀಕರಿಸಿದುದರಿಂದ ಏರೀಸನು ಮಾರ್ಸ್, ಹರ್ಮೀಸನು ಮರ್ಕ್ಯುರಿ, ಅಫ್ರೊಡೈಟಿಯು ವೀನಸ್, ಜ್ಯೂಸನು ಜ್ಯೂಪಿಟರ್, ಕ್ರೋನಸನು ಸ್ಯಾಟರ್ನ್ ಎಂಬ ಹೆಸರುಗಳಿಂದ ಇಂಗ್ಲಿಷ್ ಪುಸ್ತಕಗಳಲ್ಲಿ ಕಾಣಿಸುತ್ತಾರೆ.

ಹೋಲಿಕೆಯೂ ಬಾಂಧವ್ಯವೂ

ಇಷ್ಟೆಲ್ಲ ಸಾಮ್ಯಗಳನ್ನು ಕಂಡಾಗ, ಅವರ ದೇವತೆಗಳೂ ನಮ್ಮವರೂ ಒಂದೇ ಎಂದು ಹೇಳಿಬಿಡುವ ಆಸೆ ಹುಟ್ಟುವುದು ಸಹಜ. ಇಲ್ಲಿಯೇ ಎಚ್ಚರ ಬೇಕು. ಜ್ಯೂಸ್ ಎಂಬ ಹೆಸರೂ ವೇದದ ದ್ಯೌಃ ಎಂಬುದೂ ನಿಜವಾಗಿ ಒಂದೇ ಮೂಲದವು. ದ್ಯೌಷ್ಪಿತಾ ಎಂಬ ವೈದಿಕ ಪದವೂ ಜ್ಯೂಪಿಟರ್ ಎಂಬ ಲ್ಯಾಟಿನ್ ಪದವೂ ‘ಆಕಾಶಪಿತ’ ಎಂಬ ಒಂದೇ ಪ್ರಾಚೀನ ಸಂಬೋಧನೆಯಿಂದ ಬಂದಿವೆ. ಈಯಾಸ್ ಎಂಬ ಅರುಣೋದಯದ ದೇವಿಯು ಶಬ್ದದ ಮಟ್ಟಿಗೆ ನಮ್ಮ ಉಷಸ್ಸಿನ ಸೋದರಿ. ಆದರೆ ದೇವರೆಂಬ ಅರ್ಥದ ‘ಥಿಯಾಸ್’ ಎಂಬ ಗ್ರೀಕ್ ಮಾತು ಲ್ಯಾಟಿನ್ನಿನ ‘ಡಿಯಸ್’ನಂತೆ ಕೇಳಿಸಿದರೂ ಅದಕ್ಕಾಗಲಿ ನಮ್ಮ ‘ದೇವ’ಕ್ಕಾಗಲಿ ನಂಟಲ್ಲ. ಯುರೇನಸನೇ ವರುಣನೆಂದು ಹಿಂದೆ ಅನೇಕರು ನಂಬಿದ್ದರು. ಇಂದಿನ ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಅದನ್ನು ಒಪ್ಪುವುದಿಲ್ಲ.

ಒಂದನ್ನು ಒಪ್ಪಿ ಇನ್ನೊಂದನ್ನು ಬಿಡುವುದು ಹೇಗೆ? ಧ್ವನಿಗಳ ನಿಯಮದಿಂದ. ಹಳಗನ್ನಡದ ಪಾಲ್, ಪುಲಿ, ಪೂ ಎಂಬವು ಹೊಸಗನ್ನಡದಲ್ಲಿ ಹಾಲು, ಹುಲಿ, ಹೂ ಆದುವು. ಪದದ ಮೊದಲಿನ ಪಕಾರವು ಹಕಾರವಾಗುವುದು ಒಂದು ಪದದ ಆಕಸ್ಮಿಕವಲ್ಲ, ನೂರಾರು ಪದಗಳ ಕ್ರಮ. ಹಾಗೆಯೇ ಪದಾದಿಯಲ್ಲಿ ಸ್ವರದ ಮುಂದಿದ್ದ ಪ್ರಾಚೀನ ಸಕಾರವು ಗ್ರೀಕಿನಲ್ಲಿ ಹಕಾರವಾಗಿದೆ. ನಮ್ಮ ‘ಸಪ್ತ’ ಅವರಿಗೆ ‘ಹೆಪ್ಟ’. ಸೂರ್ಯದೇವನಿಗೆ ಗ್ರೀಕರಿಟ್ಟ ಹೀಲಿಯಸ್ ಎಂಬ ಹೆಸರು, ಇಂಥ ನಿಯಮಗಳ ಮೂಲಕ ಹಿಂದಕ್ಕೆ ಹೋದರೆ, ನಮ್ಮ ‘ಸೂರ್ಯ’ ಶಬ್ದ ಹುಟ್ಟಿದ ಬೇರಿಗೇ ಮುಟ್ಟುತ್ತದೆ. ಕಿವಿಗೆ ದೂರವೆನಿಸಿದ ಪದಗಳು ಬಂಧುಗಳು. ಕಿವಿಗೆ ಹತ್ತಿರವೆನಿಸಿದವು ಅಪರಿಚಿತರು. ಹೋಲಿಕೆಯು ಪ್ರಶ್ನೆಯನ್ನು ಎಬ್ಬಿಸಬಹುದು, ತೀರ್ಪು ಕೊಡಲಾರದು.

ಸೂರ್ಯನು ದೇವನೋ, ಕಾದ ಕಲ್ಲೋ?

ಹೀಲಿಯಸನು ಟೈಟನನಾದ ಹೈಪೀರಿಯನ್ನನ ಮಗ, ಯುರೇನಸನ ಮೊಮ್ಮಗ. ಚಂದ್ರದೇವಿ ಸೆಲೀನಿಯೂ ಈಯಾಸಳೂ ಅವನ ತಂಗಿಯರು. ನಮ್ಮ ಸೂರ್ಯನ ರಥಕ್ಕೆ ಏಳು ಕುದುರೆಗಳಾದರೆ ಅವನ ರಥಕ್ಕೆ ನಾಲ್ಕು. ಒಮ್ಮೆ ಅವನ ಮಗ ಫೇಯಿಥನ್ ಹಟಹಿಡಿದು ರಥವನ್ನು ನಡೆಸಲು ಹೋಗಿ, ಕುದುರೆಗಳನ್ನು ತಡೆಯಲಾರದೆ ಭೂಮಿಯನ್ನು ಸುಡತೊಡಗಿದಾಗ, ಜ್ಯೂಸನು ಸಿಡಿಲಿನಿಂದ ಅವನನ್ನು ಕೆಡವಬೇಕಾಯಿತು.

ಈ ಕಥೆಯನ್ನು ಕೇಳುತ್ತ ಬೆಳೆದ ನಾಡಿನಲ್ಲಿಯೇ ಅನಕ್ಸಾಗೊರಸನೆಂಬ ತತ್ತ್ವಜ್ಞನು ಕ್ರಿ. ಪೂ. ಐದನೆಯ ಶತಮಾನದಲ್ಲಿ, ಸೂರ್ಯನು ದೇವನಲ್ಲ, ಪೆಲೊಪೊನೀಸ್ ಪ್ರಾಂತಕ್ಕಿಂತ ದೊಡ್ಡದಾದ ಕೆಂಡದಂತೆ ಕಾದ ಪಿಂಡ ಎಂದು ಹೇಳಿದನು. ಚಂದ್ರನು ಅಡ್ಡಬರುವುದರಿಂದ ಸೂರ್ಯಗ್ರಹಣವಾಗುವುದೆಂದೂ ವಿವರಿಸಿದನು. ಅಥೆನ್ಸಿನಲ್ಲಿ ಅವನ ಮೇಲೆ ದೈವನಿಂದೆಯ ಆಪಾದನೆ ಬಂದಿತೆಂದೂ, ಶಿಷ್ಯನೂ ಮುಖಂಡನೂ ಆದ ಪೆರಿಕ್ಲೀಸನು ಅವನ ಪರವಾಗಿ ನಿಂತನೆಂದೂ ಪ್ರಾಚೀನ ಲೇಖಕರು ಹೇಳುತ್ತಾರೆ. ಕೊನೆಗೆ ಅವನು ನಗರವನ್ನು ಬಿಟ್ಟು ಲ್ಯಾಂಪ್ಸಕಸ್ಸಿನಲ್ಲಿ ಕಾಲ ಕಳೆಯಬೇಕಾಯಿತು. ಅವನು ಹೇಳಿದ ಗಾತ್ರ ತಪ್ಪು. ಸೂರ್ಯನ ವ್ಯಾಸ ಭೂಮಿಯ ವ್ಯಾಸಕ್ಕಿಂತ ೧೦೯ ಪಟ್ಟು ದೊಡ್ಡದು. ಆದರೆ ಅಳೆದು ತಿದ್ದಬಹುದಾದ ಉತ್ತರವೊಂದನ್ನು ಅವನು ಕೊಟ್ಟನು. ರಥದ ಕಥೆಯನ್ನು ತಿದ್ದಲು ಯಾವ ಅಳತೆಯೂ ಇಲ್ಲ.

೧೮೬೮ರ ನೆರಳು

ಆ ಪಿಂಡದಲ್ಲಿ ಏನಿದೆ? ಈ ಪ್ರಶ್ನೆಯು ಸುಮಾರು ೨,೩೦೦ ವರ್ಷಗಳ ಬಳಿಕ ನಮ್ಮ ನಾಡಿನ ಮೇಲೆಯೇ ಹಾದುಹೋಯಿತು. ೧೮೬೮ರ ಆಗಸ್ಟ್ ೧೮ರ ಬೆಳಿಗ್ಗೆ ಚಂದ್ರನ ನೆರಳು ಪಶ್ಚಿಮ ಕರಾವಳಿಯಿಂದ ಜಮಖಂಡಿ, ವಿಜಾಪುರಗಳ ಮೇಲೆ ಸಾಗಿ ಗುಂಟೂರು, ಮಚಲಿಪಟ್ಟಣಗಳತ್ತ ಹೋಯಿತು. ಕೊಡೇಕಲ್ಲೂ ಆ ನೆರಳಿನ ಪಟ್ಟಿಯೊಳಗೇ ಇತ್ತು. ಸುಮಾರು ಐದು ನಿಮಿಷ ಹಗಲೇ ಕತ್ತಲಾಯಿತು.

ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ವರ್ಣಪಟಲದರ್ಶಕವನ್ನು ಹೂಡಿ ಕಾದಿದ್ದರು. ಅವರ ಅಜ್ಜನಾದ ವಿಲಿಯಂ ಹರ್ಷೆಲರೇ ೧೭೮೧ರಲ್ಲಿ ಹೊಸ ಗ್ರಹವೊಂದನ್ನು ಕಂಡವರು. ಸ್ಯಾಟರ್ನಿನಾಚೆಯ ಆ ಗ್ರಹಕ್ಕೆ ಸ್ಯಾಟರ್ನಿನ ತಂದೆಯಾದ ಯುರೇನಸನ ಹೆಸರು ಸಲ್ಲುವುದೆಂದು ಬೋಡೆ ಎಂಬ ವಿಜ್ಞಾನಿ ಸೂಚಿಸಿದರು. ಅವರ ತಂದೆ ಸರ್ ಜಾನ್ ಹರ್ಷೆಲರು ಶನಿಯ ಉಪಗ್ರಹಗಳಿಗೆ ಟೈಟನ್, ರೀಯಾ, ಡಯೋನಿ ಮೊದಲಾದ ಹೆಸರುಗಳನ್ನು ೧೮೪೭ರಲ್ಲಿ ಬಳಕೆಗೆ ತಂದವರು. ಮೂರನೆಯ ತಲೆಮಾರಿನ ಈ ಹರ್ಷೆಲರಿಗೆ ಮೋಡಗಳ ನಡುವೆ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕು ಸಿಕ್ಕಿತು. ಕೆಂಪು, ಕಿತ್ತಳೆ, ನೀಲಿ ಬಣ್ಣದ ಮೂರು ಹೊಳೆವ ಗೆರೆಗಳು ಕಂಡವು. ಹೊಳೆವ ಗೆರೆಗಳೆಂದರೆ ಕಾದ ಅನಿಲದ ಗುರುತು. ಅದೇ ದಿನ ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ನರೂ ಅಂಥ ಗೆರೆಗಳನ್ನು ಕಂಡರು.

ನಡುವಿನ ಕಿತ್ತಳೆ-ಹಳದಿ ಗೆರೆಯು ಸೋಡಿಯಮಿನದೆಂದೇ ಮೊದಲು ತೋರಿತು, ಏಕೆಂದರೆ ಅಷ್ಟು ಹೋಲಿಕೆಯಿತ್ತು. ಆದರೆ ಸೋಡಿಯಮಿನ ಜೋಡಿಗೆರೆಗಳ ತರಂಗದೂರ ೫೮೯.೦ ಮತ್ತು ೫೮೯.೬ ನ್ಯಾನೋಮೀಟರು, ಸೂರ್ಯನ ಆ ಗೆರೆಯದು ೫೮೭.೬. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಾಕ್ಯರರು ಗ್ರಹಣವಿಲ್ಲದೆಯೇ ಆ ಗೆರೆಯನ್ನು ನೋಡಿ, ಅದು ಸೋಡಿಯಮಿನ ಸ್ಥಾನದಲ್ಲಿಲ್ಲವೆಂಬುದನ್ನು ತಿಳಿದರು. ಎರಡು ನ್ಯಾನೋಮೀಟರಿಗೂ ಕಡಿಮೆಯಾದ ಈ ಅಂತರದಲ್ಲಿ ಒಂದು ಹೊಸ ಧಾತು ಅಡಗಿತ್ತು. ಅದಕ್ಕೆ ಹೀಲಿಯಸನ ಹೆಸರಿನಿಂದ ಹೀಲಿಯಂ ಎಂದು ಹೆಸರಾಯಿತು. ೧೮೯೫ರಲ್ಲಿ ರ‍್ಯಾಮ್ಸೆ ಎಂಬ ರಸಾಯನಶಾಸ್ತ್ರಜ್ಞರು ಅದನ್ನು ಭೂಮಿಯ ಮೇಲೆ, ಯುರೇನಿಯಮುಳ್ಳ ಖನಿಜವೊಂದರಿಂದ, ಪಡೆದರು.

ಇಲ್ಲೊಂದು ವಿನೋದವಿದೆ. ಯುರೇನಿಯಂ ಪರಮಾಣುಗಳು ಕ್ಷಯಿಸುವಾಗ ಹೊರಚಿಮ್ಮುವ ಆಲ್ಫಾ ಕಣಗಳು ಹೀಲಿಯಮಿನ ಬೀಜಗಳೆಂದು ಮುಂದೆ ರುದರ್‌ಫೋರ್ಡರ ಪ್ರಯೋಗಗಳಿಂದ ಸ್ಥಿರವಾಯಿತು. ಯುರೇನಿಯಮಿನಿಂದ ಹೀಲಿಯಂ ಹುಟ್ಟುತ್ತದೆ. ಪುರಾಣದಲ್ಲಿಯೂ ಹೀಲಿಯಸನು ಯುರೇನಸನ ವಂಶದವನು! ಹಾಗಾದರೆ ಗ್ರೀಕರಿಗೆ ವಿಕಿರಣಶೀಲತೆಯು ತಿಳಿದಿತ್ತೆನ್ನೋಣವೆ? ೧೭೮೯ರಲ್ಲಿ ಕ್ಲಾಪ್ರೋತರು ಯುರೇನಿಯಮಿಗೆ ಆ ಹೆಸರನ್ನಿಟ್ಟುದು, ಕೆಲವೇ ವರ್ಷಗಳ ಹಿಂದೆ ಕಂಡುಬಂದ ಗ್ರಹದ ನೆನಪಿಗೆ. ಹೀಲಿಯಮಿಗೆ ಹೆಸರಿಟ್ಟವರಿಗೆ ಕಂಡಿದ್ದುದು ಸೂರ್ಯನ ಬೆಳಕಿನ ಗೆರೆಯೊಂದೇ. ಎರಡು ಹೆಸರುಗಳ ನಡುವೆ ಸುಮಾರು ಎಂಬತ್ತು ವರ್ಷಗಳ ಅಂತರ. ಹೆಸರಿಟ್ಟವರಾರಿಗೂ ಆಲ್ಫಾ ಕಣದ ಕಲ್ಪನೆಯಿಲ್ಲ. ಇದು ಆಕಸ್ಮಿಕವೆಂದು ನಾವು ನಿಸ್ಸಂದೇಹವಾಗಿ ಹೇಳಬಲ್ಲೆವು; ಏಕೆಂದರೆ ಹೆಸರು ಬಂದ ದಾರಿ ನಮಗೆ ತಿಳಿದಿದೆ. ದಾರಿ ಮರೆತುಹೋಗಿದ್ದರೆ, ಇದೇ ಹೋಲಿಕೆಯನ್ನು ಮುಂದಿಟ್ಟು ಗ್ರೀಕರ ಪರಮಾಣುವಿಜ್ಞಾನದ ಮೇಲೆ ಗ್ರಂಥಗಳನ್ನೇ ಬರೆಯುವವರು ಹುಟ್ಟುತ್ತಿದ್ದರು. ಪ್ರಾಚೀನರ ಮಾತಿನಲ್ಲಿ ನವೀನ ವಿಜ್ಞಾನವನ್ನು ಕಾಣುವಾಗಲೆಲ್ಲ, ಆ ಪ್ರಾಚೀನರು ಗ್ರೀಕರಾಗಿರಲಿ ನಮ್ಮವರಾಗಿರಲಿ, ವಿದ್ಯಾರ್ಥಿಗಳು ಈ ಉದಾಹರಣೆಯನ್ನು ನೆನೆಯುವುದು ಹಿತಕರ.

ಗ್ರೀಕ್ ಪುರಾಣವನ್ನು ಓದಬೇಕು. ಅದರ ದೇವತೆಗಳ ಪರಿಚಯವಿಲ್ಲದೆ ಯುರೋಪಿನ ಕಾವ್ಯವೂ ಶಿಲ್ಪವೂ, ವಿಜ್ಞಾನದ ಎಷ್ಟೋ ಹೆಸರುಗಳೂ ಅರ್ಥವಾಗವು. ಕಥೆಯನ್ನು ಕಥೆಯೆಂದು ಸವಿದು, ಅದರ ಹಿಂದಿರುವ ಪ್ರಶ್ನೆಯನ್ನು ಎತ್ತಿಕೊಂಡು, ಉತ್ತರಕ್ಕೆ ಮಾತ್ರ ಸಾಕ್ಷಿಯನ್ನು ಕೇಳುವುದು ಓದುವವನ ಧರ್ಮ. ಮುಂದಿನ ಚಳಿಗಾಲದ ಒಂದು ನಿರ್ಮಲ ರಾತ್ರಿ ಓರಿಯನ್ನನನ್ನು ಹುಡುಕಿರಿ. ಅವನು ಪಡುವಣಕ್ಕೆ ಇಳಿಯುವವರೆಗೂ ಎಚ್ಚರವಾಗಿದ್ದು, ಮೂಡಣದಲ್ಲಿ ಚೇಳು ತಲೆಯೆತ್ತುವ ಹೊತ್ತನ್ನು ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿರಿ. ಹದಿನೈದು ದಿನಗಳ ಬಳಿಕ ಮತ್ತೆ ನೋಡಿದರೆ ಆ ಹೊತ್ತು ಸುಮಾರು ಒಂದು ಗಂಟೆ ಮುಂಚಿತವಾಗಿರುವುದು ಕಾಣುತ್ತದೆ. ಅದೇಕೆಂಬ ಪ್ರಶ್ನೆಗೆ ಪುರಾಣದಲ್ಲಿ ಉತ್ತರವಿಲ್ಲ. ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿದೆ.